‘ನೀ ಡಾಕ್ಟರ್ ಏನಪಾ?’

ಬೀದರಿನ ಗಾಂಧಿ ಗಂಜಿನಲ್ಲಿ ಚಳಿಗಾಲ ಅಂದರೆ ತೊಗರಿ. ಭಾಲ್ಕಿ, ಔರಾದ ಕಡೆಯ ಗಾಡಿಗಳು ನಸುಕಿನಲ್ಲೇ ಬಂದು ನಿಲ್ಲುತ್ತವೆ. ಅಡತಿ ಅಂಗಡಿಗಳ ಮುಂದೆ ಕಾಳಿನ ರಾಶಿ, ಸವಾಲಿನ ಕೂಗು, ಹಮಾಲರ ಓಡಾಟ. ಬಿಎಸ್‌ಸಿ ಮುಗಿಸಿದ ಮೇಲೆ ನಾನು ಅಲ್ಲಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಗ ಗಂಜಿನಲ್ಲಿ ಯಾರಾದರೂ ಬಿದ್ದರೆ, ಎದೆ ಹಿಡಿದುಕೊಂಡು ಕುಸಿದರೆ, ನಾಲ್ಕು ಮಂದಿ ಕೈಕಾಲು ಹಿಡಿದು ಎತ್ತಿ ಸಿಕ್ಕ ಟೆಂಪೊಗೆ ಹಾಕುತ್ತಿದ್ದರು. ಜನರಿಗೆ ಕರುಳಿತ್ತು, ಅವಸರವೂ ಇತ್ತು. ದಾರಿಯಲ್ಲಿ ಆ ಜೀವವನ್ನು ಹೇಗೆ ಹಿಡಿಯಬೇಕೆಂದು ಬಲ್ಲವರು ಜೊತೆಗಿರುತ್ತಿರಲಿಲ್ಲ, ಅಷ್ಟೇ.

2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನವೇ, ಕರ್ನಾಟಕದಲ್ಲಿ ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ನಡೆಸಲು ಬಂದದ್ದು ಹೈದರಾಬಾದಿನ ಇಎಂಆರ್‌ಐ ಸಂಸ್ಥೆ. ಆಗಿನ ಆಂಧ್ರದಲ್ಲಿ 2005ರಿಂದಲೇ ಈ ಸೇವೆ ಇತ್ತು; ಜಹೀರಾಬಾದ ದಾಟಿದರೆ ಆ ಗಾಡಿಗಳನ್ನು ನಾವು ನೋಡುತ್ತಿದ್ದೆವು. ಗಾಡಿ ಓಡಿಸುವವನು ಪೈಲಟ್, ರೋಗಿಯ ಪಕ್ಕ ಕೂರುವವನು ಇಎಂಟಿ. ವಿಜ್ಞಾನ ಓದಿದವರನ್ನು ಇಎಂಟಿ ತರಬೇತಿಗೆ ತೆಗೆದುಕೊಳ್ಳುತ್ತಾರೆಂದು ಕೇಳಿ ನಾನು ಅರ್ಜಿ ಹಾಕಿದೆ. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ, ಹೈದರಾಬಾದು ಮೂರು ತಾಸಿನ ದಾರಿ. ಅಲ್ಲಿನ ತರಬೇತಿಗೆ ಹೊರಟಾಗ ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು.

ಅಲ್ಲಿ ಪುಸ್ತಕಕ್ಕಿಂತ ಬೊಂಬೆಯ ಜೊತೆಗೇ ನಮ್ಮ ಹೊತ್ತು ಹೆಚ್ಚು ಕಳೆಯಿತು. ರಬ್ಬರಿನ ಎದೆಯ ಮೇಲೆ ಅಂಗೈ ಊರಿ, ಮೊಣಕೈ ಮಡಚದೆ ಮೂವತ್ತು ಸಲ ಒತ್ತುವುದು, ಎರಡು ಸಲ ಉಸಿರು ಕೊಡುವುದು, ಮತ್ತೆ ಮೂವತ್ತು. ಒತ್ತಿದ ಎದೆ ಪೂರ್ತಿ ಮೇಲೆ ಬರುವತನಕ ಬಿಡಬೇಕು, ಇಲ್ಲವಾದರೆ ಹೃದಯದಲ್ಲಿ ರಕ್ತ ತುಂಬುವುದಿಲ್ಲ. ಹುಟ್ಟಿದ ಕೂಸು ಅಳದಿದ್ದರೆ ಮೊದಲು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಬೆಚ್ಚಗೆ ಮಾಡಬೇಕು, ಬೆನ್ನು ತಿಕ್ಕಬೇಕು; ಆಮೇಲೂ ಉಸಿರಾಡದಿದ್ದರೆ ಆಂಬು ಬ್ಯಾಗಿನಿಂದ ಉಸಿರು ಕೊಡಬೇಕು. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಬಾರದು, ಕಾಲು ಅಲುಗದಂತೆ ನೋಡಿಕೊಂಡು ಔಷಧಿ ಇರುವ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದೊಂದು ಮೇಜಿನ ಮೇಲೆ ಒಂದೊಂದು ಸಂಕಟ ಕಾದಿತ್ತು. ನಾನು ಬೊಂಬೆಯ ಕಡೆ ಕೈ ಚಾಚುವ ಮೊದಲೇ ಪರೀಕ್ಷಕರು ಕೇಳಿದರು: ‘ಸ್ಥಳ ಸುರಕ್ಷಿತವೇ?’ ವಿದ್ಯುತ್ ತಂತಿ ಬಿದ್ದಿದೆಯೇ, ಗಾಡಿಗಳು ಬರುತ್ತಿವೆಯೇ ಎಂದು ನೋಡಿಕೊಂಡೇ ಮುಂದೆ ಹೆಜ್ಜೆ ಇಡಬೇಕು. ನೆರವಿಗೆ ಹೋದವನೇ ಬಿದ್ದರೆ ಎರಡನೆಯ ಗಾಡಿ ಬೇಕಾಗುತ್ತದೆ. ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದಾಗ ನನಗಾದ ಹಿಗ್ಗು ಡಿಗ್ರಿ ತೆಗೆದುಕೊಂಡಾಗಲೂ ಆಗಿರಲಿಲ್ಲ.

ಮರುವರ್ಷದ ತೊಗರಿ ಹಂಗಾಮಿನಲ್ಲಿ ನಮ್ಮ ಗಾಡಿಗೆ ಗಂಜಿನಿಂದಲೇ ಕರೆ ಬಂತು. ಚೀಲದ ಥಪ್ಪಿಯ ಮೇಲಿಂದ ಒಬ್ಬ ಹಮಾಲ ಬಿದ್ದಿದ್ದ. ನಾವು ಹೋದಾಗ ಸುತ್ತ ನೂರಾರು ಜನ. ಒಬ್ಬರು ಚರಿಗೆಯಿಂದ ಬಾಯಿಗೆ ನೀರು ಬಿಡಲು ಬಗ್ಗಿದ್ದರು, ಇಬ್ಬರು ರಟ್ಟೆಗೆ ಕೈ ಹಾಕಿ ಕೂಡಿಸಲು ನೋಡುತ್ತಿದ್ದರು.

‘ಕಾಕಾ, ನೀರು ಬ್ಯಾಡ್ರಿ. ಯಾರೂ ಎತ್ತಬ್ಯಾಡ್ರಿ,’ ಅಂದೆ.

ಒಬ್ಬ ಸಾವಕಾರರು ಮುಂದೆ ಬಂದರು. ಲೆಕ್ಕ ಬರೆಯುತ್ತಿದ್ದ ಹುಡುಗ ಎಂದು ನನ್ನ ಗುರುತು ಅವರಿಗೆ ಇತ್ತು. ‘ನೀ ಡಾಕ್ಟರ್ ಏನಪಾ? ಮನಷ್ಯಾ ಒದ್ದಾಡ್ಲತ್ತಾನ, ಮುಟ್ಟಬ್ಯಾಡ ಅಂತಿ!’

‘ಡಾಕ್ಟರ್ ಅಲ್ರಿ ಸಾವಕಾರ್ರ. ಇದೇ ಕೆಲಸ ಕಲ್ತು, ಪರೀಕ್ಷಾ ಕೊಟ್ಟು ಬಂದೀನ್ರಿ. ಇವನ ಕುತ್ತಿಗಿಗಿ ಪೆಟ್ಟು ಬಿದ್ದದ. ಈಗ ಎಬ್ಬಿಸಿದ್ರ ಕೈಕಾಲು ಹೋಗ್ತಾವ.’

ಅವರು ನನ್ನ ಮುಖ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದು ಜನರನ್ನೂ ಹಿಂದೆ ಸರಿಸಿದರು.

ನಾನು ನೆಲಕ್ಕೆ ಮೊಣಕಾಲೂರಿ ಅವನ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದೆ. ‘ಅಣ್ಣಾ, ಕಾಲಿನ ಬೆರಳು ಅಲಗಾಡಸು.’ ಬೆರಳು ಅಲುಗಿದವು. ‘ಜೋಮು ಹಿಡದಾವ,’ ಅಂದ. ಪೈಲಟ್ ಕುತ್ತಿಗೆಗೆ ಕಾಲರ್ ಹಾಕಿದ. ಇನ್ನು ಅವನನ್ನು ಹಲಗೆಯ ಮೇಲೆ ತರಬೇಕು. ತಲೆ, ಭುಜ, ಸೊಂಟ, ಮೊಣಕಾಲು ಒಂದೇ ಕಟ್ಟಿಗೆಯಂತೆ ಒಮ್ಮೆಗೇ ಹೊರಳಬೇಕು. ಅದಕ್ಕೆ ಇನ್ನೂ ಮೂವರು ಬೇಕಿತ್ತು. ಅವನ ಜೊತೆಯ ಹಮಾಲರನ್ನೇ ಕರೆದೆ.

‘ನಾ ಮೂರು ಅಂದಾಗ ನಿಮ್ಮ ಕಡಿ ಹೊಳ್ಳಸ್ರಿ. ಒಬ್ಬರು ಮುಂದ ಒಬ್ಬರು ಹಿಂದ ಆಗಬಾರ್ದು.’

ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ದಿನವಿಡೀ ಚೀಲ ಎತ್ತುವವರು ಅವರು. ಒಬ್ಬನ ದನಿಗೆ ನಾಲ್ಕು ಜನರ ಕೈ ಒಟ್ಟಿಗೆ ಏಳದಿದ್ದರೆ ಏನಾಗುತ್ತದೆಂದು ಅವರ ಬೆನ್ನುಗಳಿಗೇ ಗೊತ್ತು. ಒಂದು, ಎರಡು, ಮೂರು. ದೇಹ ಪೂರ್ತಿ ಒಂದಾಗಿ ಹೊರಳಿತು, ಪೈಲಟ್ ಹಲಗೆ ಸರಿಸಿದ, ಮತ್ತೆ ಒಂದೇ ದನಿಗೆ ಹಲಗೆಯ ಮೇಲೆ ಇಳಿಯಿತು. ತರಬೇತಿಯಲ್ಲೂ ಅಷ್ಟು ಚೊಕ್ಕವಾಗಿ ನಾವು ಹೊರಳಿಸಿರಲಿಲ್ಲ.

ಗಾಡಿಯೊಳಗೆ ಆಕ್ಸಿಜನ್ ಹಚ್ಚಿ, ಬಿಪಿ, ನಾಡಿ ನೋಡಿ, ಕಾಲ್ ಸೆಂಟರಿನ ಡಾಕ್ಟರಿಗೆ ಫೋನಿನಲ್ಲಿ ಒಪ್ಪಿಸಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಳಿಸಿಕೊಂಡ ಡಾಕ್ಟರು ನನ್ನ ಫಾರ್ಮಿಗೆ ಸಹಿ ಮಾಡುತ್ತಾ ‘ಕಾಲರ್ ಹಾಕಿದ್ದು ಚಲೋ ಆಯ್ತು’ ಅಂದರು. ಎಲುಬು ಮುರಿದಿತ್ತು, ಒಳಗಿನ ನರದ ಬಳ್ಳಿ ಉಳಿದಿತ್ತು. ಮುಂದಿನ ಹಂಗಾಮಿಗೆ ಅವನು ನಡೆದುಕೊಂಡೇ ಗಂಜಿಗೆ ಬಂದ. ಚೀಲ ಹೊರುವುದನ್ನು ಬಿಟ್ಟು ಕಾಂಟಾದ ಹತ್ತಿರ ಚೀಲ ಎಣಿಸುವ ಕೆಲಸಕ್ಕೆ ನಿಂತ.

ಸಾವಕಾರರ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ನರ್ಸಮ್ಮನ ಹೆಸರು ನರ್ಸಿಂಗ್ ಕೌನ್ಸಿಲಿನಲ್ಲಿದೆ, ಔಷಧ ಕೊಡುವವರದು ಫಾರ್ಮಸಿ ಕೌನ್ಸಿಲಿನಲ್ಲಿದೆ. ಲ್ಯಾಬ್, ಎಕ್ಸ್‌ರೇ ಡಿಪ್ಲೊಮಾಗಳಿಗೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಪರೀಕ್ಷೆ ನಡೆಸುತ್ತದೆ. ಆಂಬುಲೆನ್ಸಿನಲ್ಲಿ ಜೀವ ಹಿಡಿದು ಕೂರುವ ನಮಗೆ ತರಬೇತಿ ಕೊಟ್ಟ ಸಂಸ್ಥೆಯ ಕಾಗದ ಇತ್ತು. ದೇಶದ ಯಾವ ರಿಜಿಸ್ಟರಿನಲ್ಲೂ ಹೆಸರಿರಲಿಲ್ಲ. ಅಮೆರಿಕದಲ್ಲಿ ಇಎಂಟಿಗಳ ರಾಷ್ಟ್ರೀಯ ನೋಂದಣಿ 1970ರಷ್ಟು ಹಳೆಯದು, ಅದರ ಮೇಲೆ ಆಯಾ ರಾಜ್ಯದ ಲೈಸೆನ್ಸ್ ಬೇಕು. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ಪ್ಯಾರಾಮೆಡಿಕ್ ಎಂದು ಹೇಳಿಕೊಳ್ಳುವುದೇ ಅಪರಾಧ. ಎರಡೂ ಕಡೆ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು.

ಆ ನವೀಕರಣದ ಬೆಲೆ ನನಗೆ ಕೆಲಸದಲ್ಲೇ ತಿಳಿಯಿತು. ನಾವು ಕಲಿತಾಗ ಮೊದಲು ಉಸಿರಿನ ದಾರಿ, ಆಮೇಲೆ ಎದೆ ಒತ್ತುವುದು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಕ್ರಮವನ್ನೇ ತಿರುಗಿಸಿ, ದೊಡ್ಡವರಿಗೆ ಎದೆ ಒತ್ತುವುದನ್ನು ಮುಂದೆ ತಂದಿತು. 2015ರಲ್ಲಿ ನಿಮಿಷಕ್ಕೆ 100ರಿಂದ 120 ಸಲ ಎಂದು ಗೆರೆ ಎಳೆಯಿತು. ಆ ಹಮಾಲನನ್ನು ಮಲಗಿಸಿದ ಗಟ್ಟಿ ಹಲಗೆಯನ್ನು ಈಗ ಎತ್ತಿ ಗಾಡಿಗೆ ತರಲು ಮಾತ್ರ ಬಳಸಿ, ಆದಷ್ಟು ಬೇಗ ತೆಗೆಯಬೇಕೆನ್ನುತ್ತಾರೆ. ಹೊತ್ತುಗಟ್ಟಲೆ ಅದರ ಮೇಲಿದ್ದರೆ ನೋವು, ಚರ್ಮಕ್ಕೆ ಹುಣ್ಣು. ಒಮ್ಮೆ ಪಾಸಾದ ಕಾಗದವೊಂದನ್ನೇ ನಂಬಿ ಕುಳಿತಿದ್ದರೆ ಇದ್ಯಾವುದೂ ನಮ್ಮ ಗಾಡಿಯೊಳಗೆ ಬರುತ್ತಿರಲಿಲ್ಲ.

2021ರ ಮಾರ್ಚಿನಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಂದರೆ ಪ್ಯಾರಾಮೆಡಿಕ್, ಎಂದು ನಮ್ಮ ಕೆಲಸವೂ ಸೇರಿದೆ. ಅಲೈಡ್ ವೃತ್ತಿಗೆ ಕನಿಷ್ಠ 2,000 ಗಂಟೆಯ ಓದು, ಹೆಲ್ತ್‌ಕೇರ್ ವೃತ್ತಿಯ ಡಿಗ್ರಿಗೆ 3,600 ಗಂಟೆ, ರಾಜ್ಯಕ್ಕೊಂದು ಕೌನ್ಸಿಲ್, ರಾಜ್ಯಕ್ಕೂ ದೇಶಕ್ಕೂ ಒಂದೊಂದು ರಿಜಿಸ್ಟರ್ ಎಂದು ಅದು ಹೇಳುತ್ತದೆ. ಅದನ್ನು ಓದಿದ ದಿನ ಪೈಲಟ್‌ಗೆ ಫೋನ್ ಮಾಡಿ, ‘ನಮ್ಮ ಕೆಲಸಕ್ಕ ಕಾನೂನಿನಾಗ ಹೆಸರು ಬಂತಪಾ’ ಅಂದೆ.

ಔರಾದ, ಭಾಲ್ಕಿಯಿಂದ ಇಎಂಟಿ ಕೋರ್ಸಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಸೇರುವ ಮೊದಲು ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ಮುಗಿದ ಮೇಲೆ ರಿಜಿಸ್ಟರಿನಲ್ಲಿ ಹೆಸರು ಬರೆಸಿ, ನವೀಕರಣ ತಪ್ಪಿಸಬೇಡಿ. ನೆಲದ ಮೇಲೆ ಬಿದ್ದವನಿಗೆ ‘ನೀನು ಯಾರು, ಏನು ಕಲಿತಿದ್ದೀ’ ಎಂದು ಕೇಳುವ ಶಕ್ತಿ ಇರುವುದಿಲ್ಲ. ಅವನ ಪರವಾಗಿ ಅದನ್ನು ಮೊದಲೇ ಕೇಳಿ, ಪರೀಕ್ಷಿಸಿ ಕಳಿಸುವುದು ಸರ್ಕಾರದ ಕೆಲಸ. ಪ್ರತಿ ವರ್ಷ ಆ ಉತ್ತರಕ್ಕೆ ತಕ್ಕವರಾಗಿ ಉಳಿಯುವುದು ನಮ್ಮ ಕೆಲಸ.