ಕೊಂಡಿ

ಸೀರೆ ಅಂಗಡಿಯಲ್ಲಿ ಆಯಿ ಮೊದಲು ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಅಂಚನ್ನೂ ಅಲ್ಲ. ಮಡಿಕೆ ಬಿಚ್ಚಿಸಿ, ಸೆರಗು ಒಡಲನ್ನು ಸೇರುವ ಜಾಗ ಹುಡುಕಿ, ಅಲ್ಲಿ ಹೆಬ್ಬೆರಳು ಆಡಿಸುತ್ತಿದ್ದಳು. "ಕೊಂಡಿ ಐತಿ, ಕಟ್ಟರಿ" ಅಂದಳೆಂದರೆ ಸೀರೆ ಗೊತ್ತಾದಂತೆ. ಬೆಲೆಯ ಚೌಕಾಶಿ ಆಮೇಲೆ. ಅದು ಮಧ್ಯಾಹ್ನದವರೆಗೂ ನಡೆಯುತ್ತಿತ್ತು.

ಇಳಕಲ್ಲ ಸೀರೆಯ ಗುಟ್ಟೆಲ್ಲ ಆ ಹೆಬ್ಬೆರಳಿನಷ್ಟು ಜಾಗದಲ್ಲಿತ್ತು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ಸಿದ್ಧಮಾಡಿ, ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ, ಎಳೆಗೆ ಎಳೆ ಜೋಡಿಸುತ್ತಾರೆ. ಅದೇ ಕೊಂಡಿ. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಹೀಗಾಗಿ ಉದ್ದನೆಯ ಹಾಸು ಹೂಡಿ, ಹತ್ತು ಸೀರೆ ಒಂದೇ ಸಮ ನೇಯ್ದು ಕತ್ತರಿಸಿಕೊಳ್ಳುವ ಹಾಗಿಲ್ಲ. ಆರು ಗಜವೋ ಎಂಟೋ ಒಂಬತ್ತೋ, ಒಂದು ಸೀರೆಗೆ ಒಂದು ಹಾಸು. ಸೀರೆ ಮುಗಿಯಿತೋ, ಮಗ್ಗ ನಿಲ್ಲಬೇಕು. ಮತ್ತೆ ಕೊಂಡಿ ಹಾಕಬೇಕು.

ಯಂತ್ರಕ್ಕೆ ಆಗದ್ದು ಇದೇ, ನಿಲ್ಲುವುದು. ನಿಂತರೆ ಅದಕ್ಕೆ ನಷ್ಟ. ವಿದ್ಯುತ್ ಮಗ್ಗದ ಸೀರೆಯಲ್ಲೂ ಈಗ ಟೋಪ ತೆನಿ ಎನ್ನುವ ಸೆರಗಿದೆ, ಜೋಳದ ತೆನೆಯಿದೆ, ಹಣಿಗೆಯ ಹಲ್ಲಿದೆ, ಕೋಟೆಯ ತೆನೆಯಿದೆ, ಕೆಂಪಿನ ನಡುವೆ ಬಿಳುಪೂ ಇದೆ. ಫೋನಿನ ಪರದೆಯಲ್ಲಿ ನೋಡಿದರೆ ಅಪ್ಪಟ ಇಳಕಲ್ಲೇ. ಪರದೆಯ ಮೇಲೆ ಹೆಬ್ಬೆರಳು ಆಡಿಸಿದರೆ ಮುಂದಿನ ಸೀರೆ ಬರುತ್ತದೆ, ಅಷ್ಟೇ. 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು ಕಾಯ್ದೆ ಮಾಡಿತು. ಸೀರೆಯೂ ಆ ಪಟ್ಟಿಯಲ್ಲಿದೆ. ಕಾಯ್ದೆಯನ್ನು ಸೀರೆಯ ಜೊತೆ ಮಡಿಸಿ ಕೊಡುವವರು ಯಾರು?

ಹಾಗೆಂದು ಹಳೆಯದೆಲ್ಲ ಬಂಗಾರವಾಗಿತ್ತು ಅನ್ನಲಾರೆ. ರೇಷ್ಮೆ ದುಬಾರಿಯಾದಾಗ ಕೈಮಗ್ಗದವರೇ 'ಚಮಕಾ' ಎನ್ನುವ ಕೃತಕ ರೇಷ್ಮೆಗೆ ಒಗ್ಗಿಕೊಂಡರು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿದವರ ಮೊಣಕಾಲು ಸಂಜೆ ಏಳುವಾಗ ಮಾಡುತ್ತಿದ್ದ ಸದ್ದು ನನಗೆ ಗೊತ್ತು. ಮನೆಯ ಹೆಂಗಸರು ಕಂಡಿಕೆ ಸುತ್ತಿದರು, ಕೊಂಡಿ ಕಟ್ಟಿದರು. ಕೂಲಿಯ ಲೆಕ್ಕದಲ್ಲಿ ಅವರ ಹೆಸರೇ ಬರಲಿಲ್ಲ. ಅಂಥ ಮನೆಯ ಹುಡುಗ ಊರಾಚೆಯ ಕೆಂಪು ಗ್ರಾನೈಟ್ ಕಾರ್ಖಾನೆಗೋ ಬೆಂಗಳೂರಿಗೋ ಹೋದರೆ ಬೈಯಲು ನನಗೆ ಬಾಯಿಲ್ಲ. ನಾನೂ ಹೊಲ ಬಿಟ್ಟು ಬಂದವನೇ.

ಆದರೂ ನೇಕಾರರ ಓಣಿಗೆ ಹೋದಾಗ ಕಿವಿ ತಾನಾಗಿ ಲಾಳಿಯ ಸದ್ದು ಹುಡುಕುತ್ತದೆ. ಮೊದಲು ಒಂದು ಮನೆಯ ಸದ್ದು ಇನ್ನೊಂದರೊಳಗೆ ಸೇರಿ, ಯಾವುದು ಯಾರ ಮಗ್ಗ ಎಂದು ಹೇಳಲಾಗುತ್ತಿರಲಿಲ್ಲ. ಹೋದ ಸಲ ಒಂದು ಮಗ್ಗದ ಸದ್ದು ಮಾತ್ರ ಕೇಳಿತು. ಯಾರದ್ದೆಂದು ಕೂಡಲೇ ಗೊತ್ತಾಯಿತು.

ಆಯಿಯ ದಾಳಿಂಬರಿ ಬಣ್ಣದ ಸೀರೆ ಉಟ್ಟು ಉಟ್ಟು ಜೂಲಾದ ಮೇಲೆ ಕೌದಿಯಾಯಿತು. ಈ ಚಳಿಗಾಲದಲ್ಲಿ ಅದನ್ನು ಹೊದ್ದು ಮಲಗಿದ್ದಾಗ ಕತ್ತಲಲ್ಲಿ ಬೆರಳಿಗೆ ಏನೋ ತಾಗಿತು, ಕೂದಲಿನಷ್ಟು ಸಣ್ಣ ಏರು. ಹೊಲಿಗೆಯಿರಬೇಕು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ, ಅದರ ಒಂದು ಬದಿಯ ಹತ್ತಿ ಸವೆದು ಜಾಳಾಗಿದೆ, ಇನ್ನೊಂದು ಬದಿಯ ರೇಷ್ಮೆ ಮಾಸಿದೆ. ನಡುವಿನ ಕೊಂಡಿ ಮಾತ್ರ ಬಿಚ್ಚಿಲ್ಲ.