ಹೋಗಿಬರುತ್ತೇನೆಂಬ ಮಾತು

ಚನ್ನರಾಯಪಟ್ಟಣದ ನಮ್ಮ ಮನೆಯ ಜಗಲಿಯ ಮೇಲೆ ಮೊನ್ನೆ ಸಂಜೆ ಮೊಮ್ಮಗಳು ಇಂಗ್ಲಿಷ್ ವ್ಯಾಕರಣವನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. "ತಾತ, ಅವನು ಹೇಳಿದ್ದು 'ನಾಳೆ ಬರುತ್ತೇನೆ' ಎಂದು. ಅದನ್ನು ನಾವೇಕೆ ಬದಲಾಯಿಸಬೇಕು?" ಎಂದು ಕೇಳಿದಳು. 50 ವರ್ಷಗಳ ಹಿಂದೆ ನನ್ನನ್ನು ಕಾಡಿದ ಪ್ರಶ್ನೆಯೇ ಅದು.

ನಿಯಮವೇನೋ ಸುಲಭವಾದುದೇ. ಒಬ್ಬರ ಮಾತನ್ನು ಮತ್ತೊಬ್ಬರು ತಿಳಿಸುವಾಗ, 'ಹೇಳಿದನು' ಎಂಬ ಕ್ರಿಯಾಪದವು ಭೂತಕಾಲದಲ್ಲಿದ್ದರೆ, ಇಂಗ್ಲಿಷಿನಲ್ಲಿ ಒಳಗಿನ ಮಾತೂ ಸಾಮಾನ್ಯವಾಗಿ ಒಂದು ಮೆಟ್ಟಿಲು ಹಿಂದಕ್ಕೆ ಸರಿಯುತ್ತದೆ. 'ಈಸ್' ಎಂಬುದು 'ವಾಸ್' ಆಗುತ್ತದೆ. 'ಕೇಮ್' ಎಂಬುದು 'ಹ್ಯಾಡ್ ಕಮ್' ಆಗುತ್ತದೆ. 'ವಿಲ್' ಎಂಬುದು 'ವುಡ್' ಆಗುತ್ತದೆ. 'ನಾಳೆ'ಯು 'ಮರುದಿನ'ವಾಗುತ್ತದೆ. ಡೆನ್ಮಾರ್ಕಿನ ಪಂಡಿತರಾದ ಆಟೊ ಯೆಸ್ಪರ್ಸನ್ನರು (1860–1943) ಇದನ್ನು 'ಬ್ಯಾಕ್‌ಶಿಫ್ಟಿಂಗ್' ಎಂದು ಕರೆದರು. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂತಹ ಸಾರ್ವಕಾಲಿಕ ಸತ್ಯವು ಮಾತ್ರ ಬದಲಾಗದೆ ಇರಬಹುದೆಂಬ ವಿನಾಯಿತಿಯುಂಟು.

ಕನ್ನಡಕ್ಕೆ ಈ ತೊಡಕಿಲ್ಲ. ಆಡಿದ ಮಾತಿನ ಕೊನೆಗೆ 'ಎಂದು' ಸೇರಿಸಿದರೆ ಮುಗಿಯಿತು. 'ತಾನು ಬರುತ್ತೇನೆಂದನು' ಎನ್ನುವಾಗ 'ನಾನು' ಎಂಬುದು 'ತಾನು' ಆದರೂ, 'ಬರುತ್ತೇನೆ' ಎಂಬುದು ಆಡಿದವನ ಬಾಯಿಂದ ಬಂದಂತೆಯೇ ನಿಲ್ಲುತ್ತದೆ. ಬರುವವನು ಆಡಿದವನೋ ಮತ್ತೊಬ್ಬನೋ ಎಂಬ ಸಂಶಯಕ್ಕೂ ಎಡೆಯಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಉಪಾಧ್ಯಾಯರೊಬ್ಬರು, ನಮ್ಮ ನಮ್ಮ ತಂದೆಯವರು ಆಡಿದ ಒಂದು ಮಾತನ್ನು ಈ ರೀತಿಯಲ್ಲಿ ಇಂಗ್ಲಿಷಿಗೆ ತರಬೇಕೆಂದು ಹೇಳಿದರು. ನನ್ನ ತಂದೆಯವರು ಅದಕ್ಕೆ ಎರಡು ವರ್ಷ ಮೊದಲು ಹಾಸನಕ್ಕೆ ಹೋದವರು ಎದೆನೋವಿನಿಂದ ಅಲ್ಲಿಯೇ ತೀರಿಕೊಂಡಿದ್ದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಹೋಗಿಬರುತ್ತೇನೆ" ಎಂದಿದ್ದರು. ಬರಿಯ 'ಹೋಗುತ್ತೇನೆ' ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲವಷ್ಟೆ. ನಾನು ಆ ಮಾತನ್ನೇ ಬರೆದೆ. 'ವಿಲ್' ಎಂದೇ ಬರೆದೆ. ನನ್ನ ಎಳೆಯ ಬುದ್ಧಿಗೆ ಅದೂ ಸೂರ್ಯೋದಯದಂತಹ ಸತ್ಯವೆಂದೇ ತೋರಿತ್ತು. ಉಪಾಧ್ಯಾಯರು ಕೆಂಪು ಶಾಯಿಯಿಂದ ಹೊಡೆದು 'ವುಡ್' ಎಂದು ತಿದ್ದಿದರು. ಅವರದು ತಪ್ಪಲ್ಲ, ನಿಯಮವೇ ಹಾಗೆ.

ಮನೆಯಲ್ಲಿ ನಮ್ಮ ತಾಯಿ ಆ ಕೆಂಪು ಗೆರೆಯನ್ನು ಕಂಡು ಏನೆಂದು ಕೇಳಿದಳು. ವಿವರಿಸಿದೆ. ಒಂದು ಗಳಿಗೆ ಸುಮ್ಮನಿದ್ದು, "ಅವರು ಹಾಗೆ ಹೇಳಲಿಲ್ಲವಲ್ಲ, ಮಗು. ಬರುತ್ತೇನೆ ಎಂದೇ ಹೇಳಿದ್ದು" ಎಂದಳು.

ಅಂದು ನನಗೆ ಇಂಗ್ಲಿಷಿನ ಮೇಲೆ ಕೋಪ ಬಂದಿತು. ಈಗ ಆ ಕೋಪವಿಲ್ಲ. 'ವುಡ್' ಎನ್ನುವವನು ತಾನು ನಿಂತಿರುವ ಇಂದಿನಿಂದ ಅಂದಿನ ಕಡೆಗೆ ನೋಡುತ್ತಾನೆ. ಆ ಸಂಜೆ ಕಳೆದುಹೋಯಿತೆಂಬುದನ್ನು ಬಲ್ಲ. 'ಬರುತ್ತೇನೆಂದರು' ಎನ್ನುವವಳು ಆ ಹೊಸ್ತಿಲ ಬಳಿಯಲ್ಲಿಯೇ ನಿಂತಿರುತ್ತಾಳೆ. ಸಾಲದ ಲೆಕ್ಕಗಳನ್ನು ತೀರಿಸಿ, ನಮ್ಮನ್ನು ಓದಿಸಿದ ನಮ್ಮ ತಾಯಿ ಮೊದಲನೆಯದನ್ನು ಅರಿಯದವಳಲ್ಲ. ಆದರೂ ದೀಪ ಹಚ್ಚಿದ ಮೇಲೆ ಆಕೆ ಬೀದಿಯ ಬಾಗಿಲನ್ನು ಬೇಗನೆ ಹಾಕುತ್ತಿರಲಿಲ್ಲ.

ಇಂಗ್ಲಿಷಿನಲ್ಲಿಯೂ ಒಂದು ದಾರಿಯುಂಟು. 'ಹೇಳಿದನು' ಎನ್ನದೆ 'ಹೇಳುತ್ತಾನೆ' ಎಂದರೆ ಒಳಗಿನ ಕಾಲವು ಬದಲಾಗುವುದಿಲ್ಲ. ನಮ್ಮ ತಾಲ್ಲೂಕಿನ ಶ್ರವಣಬೆಳಗೊಳವನ್ನು ನೋಡಿದ ವಾಚಕರು ಬಲ್ಲರು: ಆ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂದು ಗೊಮ್ಮಟನ ಪಾದದ ಬಳಿಯ ಶಾಸನವು 'ಹೇಳುತ್ತದೆ'. ಶಾಸನವು 'ಹೇಳಿತು' ಎನ್ನುವವರಿಲ್ಲ. ಬರೆದಿಟ್ಟ ಮಾತು ಹೇಳುತ್ತಲೇ ಇರುತ್ತದೆ. ನನ್ನ ತಂದೆಯವರ ಮಾತನ್ನು ಇಲ್ಲಿ ಬರೆದಿಡುವುದಕ್ಕೂ ಅದೇ ಕಾರಣ.

ಪರೀಕ್ಷೆಯಲ್ಲಿ 'ವುಡ್' ಎಂದೇ ಬರೆಯಬೇಕೆಂದು ಮೊಮ್ಮಗಳಿಗೆ ಹೇಳಿದೆ. ಅವಳು ಬರೆದು ಮುಗಿಸಿ, ಪುಸ್ತಕವನ್ನು ಮಡಿಸಿಟ್ಟು, "ತಾತ, ಹೋಗಿಬರುತ್ತೇನೆ" ಎಂದು ಗೆಳತಿಯ ಮನೆಗೆ ಹೊರಟಳು. ಅವಳು ಹಿಂದಿರುಗುವವರೆಗೂ ನಾನು ಬಾಗಿಲು ಹಾಕಲಿಲ್ಲ.