ಮದ್ದು ಊರು ಬಿಟ್ಟದ್ದು: ಸುರಪುರ ಸೀಮೆಯ ಟಿಪ್ಪಣಿಗಳು

ಹೊಗೆಯಿಲ್ಲದ ಹೊಸ ಮದ್ದು ಬಂದು ಸುಮಾರು 140 ವರ್ಷವಾಯಿತು. ಆದರೂ ಹಳೆಯ ಕರಿಮದ್ದು ಸತ್ತಿಲ್ಲ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಲು ಇಂದಿಗೂ ಜನ ಸೇರುತ್ತಾರೆ. ಅತ್ತ ಅಮೆರಿಕದಲ್ಲಿ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸಿಗಳು ಹಳೆಯದು ಮೇಲೋ ಹೊಸದು ಮೇಲೋ ಎಂದು ವಾದಿಸುತ್ತಲೇ ಇದ್ದಾರೆ. ಯಾದಗಿರಿ, ಶಹಾಪುರ, ಸುರಪುರಗಳ ಕೋಟೆ ಸುತ್ತಿದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಈ ಮದ್ದು ಮೊದಲು ಯಾರ ಕೈಯಲ್ಲಿತ್ತು, ಆಮೇಲೆ ಯಾರ ಕೈಗೆ ಹೋಯಿತು?

*

ಕರಿಮದ್ದಿಗೆ ಬೇಕಾದವು ಪೆಟ್ಲುಪ್ಪು, ಇದ್ದಲು, ಗಂಧಕ. ಗಂಧಕ ಹೊರಗಿನಿಂದ ಬರಬೇಕು. ಇದ್ದಲು ಎಲ್ಲ ಊರಲ್ಲೂ ಉಂಟು. ಪೆಟ್ಲುಪ್ಪು ದನದ ಕೊಟ್ಟಿಗೆಯ ಮಣ್ಣಲ್ಲಿ, ಹಳೆಯ ಗೋಡೆಯ ಬುಡದಲ್ಲಿ ತಾನಾಗಿ ಹುಟ್ಟುತ್ತದೆ. ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪನ್ನು ಈಸ್ಟ್ ಇಂಡಿಯಾ ಕಂಪನಿ ಹಡಗುಗಟ್ಟಲೆ ಸಾಗಿಸಿತು. ಅಂದರೆ, ಒಂದು ಕಾಲಕ್ಕೆ ಯುದ್ಧದ ಮುಖ್ಯ ಸರಕು ರೈತನ ಹಿತ್ತಿಲಲ್ಲೇ ಇತ್ತು!

*

1705ರ ಫೆಬ್ರುವರಿಯಲ್ಲಿ ಔರಂಗಜೇಬ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ತಾನೇ ಎದುರು ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಅವನ ಕೊನೆಯದು. ಕೋಟೆಯೊಳಗಿದ್ದವರು ಬೇಡರು; ಗುರಿಕಾರರೆಂದು ಹೆಸರಾದವರು. ಕೋಟೆ ಬಿದ್ದದ್ದು ಏಪ್ರಿಲ್ ಕೊನೆಗೆ, ಅದೂ ಬೇಡರು ರಾತ್ರಿಯಲ್ಲಿ ಜಾರಿಕೊಂಡ ಮೇಲೆ. ಅಷ್ಟು ದೊಡ್ಡ ಸಾಮ್ರಾಜ್ಯದ ತೋಪುಗಳ ಎದುರು ಒಂದು ನಾಯಕ ಮನೆತನ ಎರಡೂವರೆ ತಿಂಗಳು ನಿಂತದ್ದು ಹೇಗೆ? ಗುಡ್ಡ ಕಾಯಿತು, ಗುರಿ ಕಾಯಿತು ಎನ್ನುತ್ತಾರೆ, ನಿಜ. ಇನ್ನೊಂದು ಮಾತನ್ನು ನಾನು ಸೇರಿಸುತ್ತೇನೆ. ಎರಡೂ ಕಡೆಯ ಕೋವಿಗಳಲ್ಲಿ ಸುಡುತ್ತಿದ್ದದ್ದು ಒಂದೇ ಜಾತಿಯ ಮದ್ದು. ಬಾದಶಹನ ಬಳಿ ಹೆಚ್ಚು ಇತ್ತು, ಬೇರೆಯದು ಇರಲಿಲ್ಲ.

*

ಕರಿಮದ್ದಿನ ದೋಷಗಳು ಎದ್ದು ಕಾಣುತ್ತವೆ. ಸುಟ್ಟ ಮೇಲೆ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಕಿಟ್ಟವಾಗಿ ಉಳಿಯುತ್ತದೆ: ಒಂದಷ್ಟು ಬಿಳಿ ಹೊಗೆಯಾಗಿ ಹಾರುತ್ತದೆ, ಮಿಕ್ಕದ್ದು ನಳಿಗೆಗೆ ಅಂಟುತ್ತದೆ. ಆ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಹಳೆಯ ಕೋವಿಯನ್ನು ಬಳಸಿದ ದಿನವೇ ನೀರು ಹಾಕಿ ತೊಳೆಯಬೇಕು. ಮಣ್ಣಿನಿಂದ ತೆಗೆದ ಪೆಟ್ಲುಪ್ಪು ಸರಿಯಾಗಿ ಶುದ್ಧವಾಗದಿದ್ದರೆ, ಜೊತೆಗುಳಿದ ಬೇರೆ ಲವಣಗಳಿಂದ ಮದ್ದೇ ಮಳೆಗಾಲದಲ್ಲಿ ತಂಪು ಹಿಡಿಯುತ್ತದೆ. ಒಣಗಿದ್ದರೆ ಮಾತ್ರ ಅದಕ್ಕೆ ಮುಪ್ಪಿಲ್ಲ.

*

1857ರಲ್ಲಿ ಬ್ರಿಟಿಷರು ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ನಿಂತರು. ನವೆಂಬರ್ ಕೊನೆಗೆ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಹಲವರು ಗಲ್ಲಿಗೇರಿದರು. ಮರುವರ್ಷದ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ದಂಗೆಯೂ ಸೋತಿತು. ಎಳೆಯ ದೊರೆ ಸೆರೆಯಾಗಿ ಆ ವರ್ಷವೇ ತೀರಿಕೊಂಡರು. ಅತ್ತ ಕೊಡಗಿನವರಿಗೆ 1861ರಲ್ಲಿ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು, ಅದು ಈಗಲೂ ಉಳಿದಿದೆ. ಒಂದೇ ಕನ್ನಡ ನಾಡಿನ ಎರಡು ಬೇಟೆಗಾರ ಜನಾಂಗಗಳಲ್ಲಿ ಒಂದಕ್ಕೆ ನಿಷ್ಠೆಯ ಬಹುಮಾನ, ಇನ್ನೊಂದಕ್ಕೆ ದಂಗೆಯ ಶಿಕ್ಷೆ. ಇದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

*

ನಿಜವಾದ ನಿಶ್ಶಸ್ತ್ರೀಕರಣ ನಡೆದದ್ದು ಪ್ರಯೋಗಶಾಲೆಯಲ್ಲಿ ಎಂದು ಈಗ ಅನ್ನಿಸುತ್ತಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಕಾರದ ಮದ್ದನ್ನು ಸಾಧಿಸಿದರು. 1889ರಲ್ಲಿ ಬ್ರಿಟಿಷರ ಅಂಥದೇ ಮದ್ದು ಕಾರ್ಡೈಟ್ ಬಂತು. ಅದನ್ನು ಇಲ್ಲೇ ತಯಾರಿಸಲು ನೀಲಗಿರಿಯ ಅರುವಂಕಾಡಿನಲ್ಲಿ 1903ರ ಸುಮಾರಿಗೆ ಕಾರ್ಖಾನೆ ಎದ್ದಿತು. ಈ ಮದ್ದು ಕೊಟ್ಟಿಗೆಯ ಮಣ್ಣಲ್ಲಿ ಹುಟ್ಟುವಂಥದಲ್ಲ. ಅದಕ್ಕೆ ಆಮ್ಲ ಬೇಕು, ಯಂತ್ರ ಬೇಕು, ರಸಾಯನ ಬಲ್ಲವರು ಬೇಕು. ಸರ್ಕಾರದ ಸಿಪಾಯಿಯ ರೈಫಲ್ಲಿಗೂ ಹಳ್ಳಿಯ ಕೋವಿಗೂ ನಡುವಿನ ಅಂತರ ಆಗ ಮುಚ್ಚಲಾರದಷ್ಟು ಬೆಳೆಯಿತು. ಕಾಯ್ದೆ ಕೋವಿ ಕಿತ್ತುಕೊಂಡಿತು. ಹೊಸ ಮದ್ದು, ಉಳಿದ ಕೋವಿಗಳನ್ನೂ ಲೆಕ್ಕಕ್ಕಿಲ್ಲದಂತೆ ಮಾಡಿತು.

*

ಹಾಗಾದರೆ ಹೊಸದೇ ಮೇಲೇ? ಅದಕ್ಕೆ ತಕ್ಕ ನಳಿಗೆಯಿದ್ದರೆ ಹೌದು. ಅದರ ಶಕ್ತಿ ಕರಿಮದ್ದಿನ ಮೂರು ಪಟ್ಟಿನ ಹತ್ತಿರ, ಒತ್ತಡವಂತೂ ಇನ್ನೂ ಹೆಚ್ಚು. ಹಳೆಯ ಕೋವಿಗೆ ಹಳೆಯ ಅಳತೆಯಲ್ಲೇ ಹೊಸ ಮದ್ದು ಸುರಿದರೆ ನಳಿಗೆ ಸಿಡಿದು ಹಿಡಿದವನ ಕೈ, ಕಣ್ಣು ಹೋಗುತ್ತವೆ. ಜೊತೆಗೆ ಹೊಸದಕ್ಕೆ ಮುಪ್ಪುಂಟು. ಅದರ ಜೀವಾಳವಾದ ನೈಟ್ರೋಸೆಲ್ಯುಲೋಸ್ ವರ್ಷ ಕಳೆದಂತೆ ತಾನಾಗಿ ಕೆಡುತ್ತದೆ. ತಡೆಯಲು ಬೆರೆಸಿದ ರಸಾಯನ ತೀರಿದ ಮೇಲೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಹಳೆಯ ಕೋವಿಗೆ ಒಗ್ಗಲೆಂದೇ 1970ರ ದಶಕದಲ್ಲಿ ಅಮೆರಿಕದಲ್ಲಿ ಪೈರೋಡೆಕ್ಸ್ ಎಂಬ ಬದಲಿ ಮದ್ದು ಮಾಡಿದರು. ಹೊಸ ಕಾಲದವರು ಹಳೆಯ ನಳಿಗೆಯ ಮಿತಿಗೆ ತಲೆಬಾಗಬೇಕಾಯಿತು. ಮದ್ದಿನ ಯೋಗ್ಯತೆಯನ್ನು ಅದರ ವಯಸ್ಸು ನಿರ್ಧರಿಸುವುದಿಲ್ಲ, ನಳಿಗೆ ನಿರ್ಧರಿಸುತ್ತದೆ.

*

ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಚರಿತ್ರೆಯ ಅನ್ಯಾಯ ಬೇರೆ, ಇಂದಿನ ಈ ಕಟ್ಟಳೆ ಬೇರೆ. ಮನೆಯಲ್ಲಿ ಮಕ್ಕಳಿರುವಾಗ ಇದು ಬೇಕು.

ಸುರಪುರ, ಶಹಾಪುರ ಕಡೆಯ ಹಳೆಯ ಮನೆತನದವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಅಜ್ಜನ ಕಾಲದ ಕೋವಿ ಸಿಕ್ಕರೆ ಖಾಲಿಯೆಂದು ನಂಬಬೇಡಿ. ಒಣಗಿ ಉಳಿದ ಕರಿಮದ್ದು ನೂರು ವರ್ಷದ ಮೇಲೂ ಹೊತ್ತಿಕೊಳ್ಳಬಲ್ಲದು. ಕುದುರೆ ಎಳೆದು ನೋಡಬೇಡಿ, ನಳಿಗೆ ಕೆದಕಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ. ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಿ. ಆ ಕೋವಿಯ ಕಥೆಯನ್ನು ಮಾತ್ರ ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ.